ರೆಕ್ಕೆ ತಿರುಚಿಕೊಳ್ಳಬಾರದು ಅಂದರೆ ಮೇಜು ಹೇಗಿರಬೇಕು?

ಪ್ರಶ್ನೆ: ನಾವಿರುವುದು ಅಮೆರಿಕದ ಓಹಾಯೋದಲ್ಲಿ, ಡೇಟನ್ ಹತ್ತಿರ. ಜೆನಿತ್ ಸಿಎಚ್ 750 ವಿಮಾನವನ್ನು ಮನೆಯಲ್ಲೇ ಕಟ್ಟಲು ಹೊರಟಿದ್ದೇನೆ. ಮಿಸೌರಿಯ ಮೆಕ್ಸಿಕೋ ಊರಿನಲ್ಲಿರುವ ಅವರ ಕಾರ್ಖಾನೆಗೆ ಹೋಗಿ, ಎರಡು ದಿನದ ತರಬೇತಿಯಲ್ಲಿ ರಡರ್ (ವಿಮಾನದ ಬಾಲದ ಚುಕ್ಕಾಣಿ) ಕಟ್ಟಿ ತಂದೆ. ಈಗ ರೆಕ್ಕೆಯ ಕಿಟ್ ಬರಲಿದೆ. ಗ್ಯಾರೇಜಿನ ನೆಲ ಬಾಗಿಲ ಕಡೆಗೆ ಇಳಿಜಾರಾಗಿದೆ. ಮೇಜು ಎಷ್ಟು ದೊಡ್ಡದಿರಬೇಕು, ಎಷ್ಟು ಮಟ್ಟವಾಗಿರಬೇಕು? ಎರಡು ಸ್ಟ್ಯಾಂಡ್ ಮೇಲೆ ಹಳೇ ಬಾಗಿಲು ಮಲಗಿಸಿದರೆ ಸಾಕು ಎನ್ನುತ್ತಾರೆ ಸ್ನೇಹಿತರು. ಮೇಜಿನ ಪಕ್ಕದಲ್ಲೇ ಕಾರು ನಿಲ್ಲಿಸಬಹುದೇ?

ಉತ್ತರ: ರಡರ್ ಕಟ್ಟಿ ಮುಗಿಸಿದ್ದೀರಿ ಅಂದರೆ ತಗಡು, ತೂತು, ರಿವೆಟ್ ಇವೆಲ್ಲ ಕೈಗೆ ಹತ್ತಿದೆ. ತುಂಬಾ ಸಂತೋಷ. ಬಾಗಿಲಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ಸಣ್ಣಪುಟ್ಟ ಭಾಗಗಳಿಗೆ ಅದು ನಡೆಯುತ್ತದೆ. ರೆಕ್ಕೆಗೆ ಬೇಡ. ಯಾಕೆ ಬೇಡ ಅನ್ನುವುದರಲ್ಲೇ ನಿಮ್ಮ ಉಳಿದ ಪ್ರಶ್ನೆಗಳ ಉತ್ತರವೂ ಇದೆ.

ಮೇಜು ಎಷ್ಟು ಮಟ್ಟವಾಗಿರಬೇಕು ಅಂತ ಕೇಳಿದ್ದೀರಿ. ಮಟ್ಟ ಬೇರೆ, ಸಮತಟ್ಟು ಬೇರೆ. ಚೆನ್ನಾಗಿ ಹದ ಮಾಡಿದ ಒಂದು ಕಲ್ಲುಚಪ್ಪಡಿಯನ್ನು ಗೋಡೆಗೆ ಒರಗಿಸಿದರೆ ಅದು ಮಟ್ಟವಾಗಿರುವುದಿಲ್ಲ, ಆದರೆ ಸಮತಟ್ಟಾಗಿಯೇ ಇರುತ್ತದೆ. ರೆಕ್ಕೆಗೆ ಬೇಕಾದದ್ದು ಆ ಸಮತಟ್ಟು. ಎಲ್ಲಕ್ಕಿಂತ ಮುಖ್ಯವಾಗಿ, ಮೇಜಿನಲ್ಲಿ ತಿರುಚು ಇರಬಾರದು. ಅಂದರೆ ಎದುರುಬದುರಿನ ಎರಡು ಮೂಲೆ ಮೇಲೆದ್ದು, ಉಳಿದೆರಡು ಕೆಳಗಿಳಿದಿರಬಾರದು. ಹಾಗಾದರೆ ಮಟ್ಟ ಯಾಕೆ? ಅಳತೆಗೆ. ಮೇಜು ಮಟ್ಟವಾಗಿದ್ದರೆ ರೆಕ್ಕೆಯ ಯಾವ ಜಾಗದಲ್ಲಿ ರಸಮಟ್ಟ ಇಟ್ಟರೂ, ತೂಕದ ಗುಂಡು ಇಳಿಬಿಟ್ಟರೂ, ಅದು ಹೇಳುವುದನ್ನು ನೇರವಾಗಿ ನಂಬಬಹುದು. ಮಟ್ಟ ಇಲ್ಲದಿದ್ದರೆ ಪ್ರತಿ ಸಲವೂ ಕೂಡಿ ಕಳೆದು ಲೆಕ್ಕ ಹಾಕಬೇಕು. ಆಗ ತಪ್ಪು ನುಸುಳುತ್ತದೆ.

ತಿರುಚಿನ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಮನೆಯಲ್ಲಿ ಒಂದು ಶೂ ಡಬ್ಬಿ ತೆಗೆದುಕೊಳ್ಳಿ. ಮುಚ್ಚಳ ತೆಗೆದು, ಎರಡು ತುದಿ ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿ. ಸುಲಭವಾಗಿ ತಿರುಚಿಕೊಳ್ಳುತ್ತದೆ. ಈಗ ಮುಚ್ಚಳ ಹಾಕಿ ಸುತ್ತ ಟೇಪ್ ಬಿಗಿಯಿರಿ. ಮತ್ತೆ ತಿರುಚಿ ನೋಡಿ. ಜಗ್ಗುವುದೇ ಇಲ್ಲ. ಇನ್ನೊಂದು ಕೆಲಸ ಮಾಡಿ. ಮುಚ್ಚಳ ತೆಗೆಯಿರಿ, ಡಬ್ಬಿಯನ್ನು ಸ್ವಲ್ಪ ತಿರುಚಿ ಹಿಡಿದುಕೊಂಡಿರಿ, ಹಾಗೇ ಹಿಡಿದಿರುವಾಗ ಇನ್ನೊಬ್ಬರಿಂದ ಮುಚ್ಚಳ ಮುಚ್ಚಿಸಿ ಟೇಪ್ ಹಾಕಿಸಿ. ಈಗ ಕೈ ಬಿಡಿ. ಡಬ್ಬಿ ಸೊಟ್ಟಗೇ ಉಳಿಯುತ್ತದೆ. ನೆಟ್ಟಗೆ ಮಾಡಬೇಕೆಂದರೆ ಟೇಪ್ ಕಿತ್ತುಹಾಕಲೇಬೇಕು.

ನಿಮ್ಮ ರೆಕ್ಕೆಯೂ ಇದೇ ಡಬ್ಬಿ. ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ), ರಿಬ್ (ಅದಕ್ಕೆ ಅಡ್ಡ ಕೂರುವ ಪಕ್ಕೆಲುಬು) ಜೋಡಿಸಿದಾಗ ಅದು ಮುಚ್ಚಳ ಇಲ್ಲದ ಡಬ್ಬಿ. ಕೈಯಲ್ಲಿ ಹಿಡಿದು ತಿರುಚಬಹುದು. ಮೇಲಿನ, ಕೆಳಗಿನ ತಗಡು ಹೊದಿಸಿ ಕೊನೆಯ ಸಾಲು ರಿವೆಟ್ ಹೊಡೆದ ಕ್ಷಣದಿಂದ ಅದು ಮುಚ್ಚಿದ ಡಬ್ಬಿ. ಆ ಹೊತ್ತಿಗೆ ಮೇಜು ಹೇಗಿತ್ತೋ, ರೆಕ್ಕೆಯೂ ಹಾಗೇ.

ನೀವು ಡೇಟನ್ ಹತ್ತಿರ ಇರುವುದರಿಂದ ಇದನ್ನು ಹೇಳದೆ ಇರಲಾರೆ. 1899ರಲ್ಲಿ ನಿಮ್ಮೂರಿನ ಸೈಕಲ್ ಅಂಗಡಿಯಲ್ಲಿ ವಿಲ್ಬರ್ ರೈಟ್ ಸೈಕಲ್ ಟ್ಯೂಬಿನ ಖಾಲಿ ರಟ್ಟಿನ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು ತಿರುಚುತ್ತಿದ್ದಾಗಲೇ ಅವರಿಗೆ ದಾರಿ ಹೊಳೆದದ್ದು. ರೆಕ್ಕೆಯನ್ನು ಹೀಗೆ ತಿರುಚಿದರೆ ಒಂದು ಬದಿ ಹೆಚ್ಚು ಎತ್ತುತ್ತದೆ, ಇನ್ನೊಂದು ಬದಿ ಕಡಿಮೆ ಎತ್ತುತ್ತದೆ, ವಿಮಾನ ಪಕ್ಕಕ್ಕೆ ವಾಲುತ್ತದೆ ಅಂತ. ಅದೇ ವರ್ಷ ಐದು ಅಡಿಯ ಗಾಳಿಪಟ ಮಾಡಿ ಪರೀಕ್ಷಿಸಿದರು. 1903ರ ವಿಮಾನವನ್ನೂ ಹಾಗೇ ವಾಲಿಸುತ್ತಿದ್ದರು. ಅವರು ಬೇಕೆಂದೇ ಹಗ್ಗ ಎಳೆದು ಮಾಡುತ್ತಿದ್ದದ್ದನ್ನು ಸೊಟ್ಟ ಮೇಜು ನಿಮಗೆ ಗೊತ್ತಿಲ್ಲದಂತೆ ಮಾಡಿಬಿಡುತ್ತದೆ. ಆಮೇಲೆ ಹಾರುವಷ್ಟು ಹೊತ್ತೂ ವಿಮಾನ ಒಂದು ಕಡೆಗೆ ಎಳೆಯುತ್ತದೆ. ಪೈಲಟ್ ನಿಯಂತ್ರಣದ ಕೋಲನ್ನು ಒಂದೇ ಸಮ ಒತ್ತಿ ಹಿಡಿದಿರಬೇಕು.

ಬೆಂಗಳೂರಿನಲ್ಲಿ ವರ್ಷಗಟ್ಟಲೆ ಜಿಗ್ ಫಿಟ್ಟರ್ ಆಗಿದ್ದವನು ನಾನು. ಜಿಗ್ ಅಂದರೆ ಜೋಡಿಸುವಾಗ ಭಾಗಗಳನ್ನು ಅಲುಗದಂತೆ ಹಿಡಿದಿಡುವ ಚೌಕಟ್ಟು. ಅಲ್ಲಿ ಎಲ್ಲವೂ ಉಕ್ಕಿನ ಜಿಗ್ಗು. ಮಗನ ಮನೆಗೆ ಅಮೆರಿಕಕ್ಕೆ ಬಂದ ಮೇಲೆ ಗ್ಯಾರೇಜಿನಲ್ಲಿ ಮರದ ಮೇಜು ಮಾಡಿದೆ. ಅಂಗಡಿಯಿಂದ ಹಸಿ ಮರ ತಂದು ಅದೇ ದಿನ ಜೋಡಿಸಿದೆ, ರಸಮಟ್ಟ ಇಟ್ಟು ನೋಡಿದೆ, ಸರಿಯಾಗಿತ್ತು. ಆರು ವಾರ ಬಿಟ್ಟು ಅದರ ಮೇಲೆ ಒಂದು ಐಲರಾನ್ (ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಭಾಗ) ಮುಚ್ಚಿದೆ. ಎತ್ತಿ ಬೆಳಕಿಗೆ ಹಿಡಿದಾಗ ಹಿಂದಿನ ಅಂಚು ಬಿಲ್ಲಿನ ಹಾಗೆ ಕಂಡಿತು. ಮೇಜನ್ನು ಮತ್ತೆ ಅಳೆದೆ. ಒಂದು ಮೂಲೆ 5 ಮಿಲಿಮೀಟರ್ ಎದ್ದಿತ್ತು. ಮರ ಒಣಗುತ್ತಾ ತಿರುಚಿಕೊಂಡಿತ್ತು. ಒಂದೊಂದೇ ರಿವೆಟ್ ಕೊರೆದು ತೆಗೆದೆ. ತೂತುಗಳು ದೊಡ್ಡದಾದವು, ತಗಡು ಹೊಸದೇ ತರಿಸಬೇಕಾಯಿತು. ಮೇಜು ಮಾಡಿದ ದಿನದ ಅಳತೆ ತಗಡು ಮುಚ್ಚುವ ದಿನಕ್ಕೆ ಬರುವುದಿಲ್ಲ ಅಂತ ಅವತ್ತು ಕಲಿತೆ.

ಈಗಿನ ಕಿಟ್‌ಗಳಲ್ಲಿ ತೂತುಗಳನ್ನು ಕಂಪ್ಯೂಟರ್ ಯಂತ್ರವೇ ಕೊರೆದು ಕಳಿಸುತ್ತದಲ್ಲ, ಇನ್ನೂ ಮೇಜಿನ ಚಿಂತೆ ಯಾಕೆ ಅಂತ ನೀವು ಕೇಳಬಹುದು. ತೂತಿಗೆ ತೂತು ಕೂಡಿದರೆ ಉದ್ದ, ಅಗಲ, ಮೂಲೆ ಬಹುಮಟ್ಟಿಗೆ ತಾವೇ ಸರಿಯಾಗುತ್ತವೆ. ತಿರುಚು ಮಾತ್ರ ಪೂರ್ತಿ ತಪ್ಪುವುದಿಲ್ಲ. ತೆಳು ತಗಡು ಬಾಗುತ್ತದೆ. ಸ್ವಲ್ಪ ತಿರುಚಿದ ಚೌಕಟ್ಟಿನ ಮೇಲೂ ತೂತುಗಳು ಕೂಡಿಯೇ ಕೂಡುತ್ತವೆ.

ಇನ್ನು ಅಳತೆ. ಈ ಜಾತಿಯ ತಗಡಿನ ವಿಮಾನ ಕಟ್ಟುವವರಲ್ಲಿ 4 ಅಡಿ ಅಗಲ, 12 ಅಡಿ ಉದ್ದದ ಮೇಜು ರೂಢಿಯಲ್ಲಿದೆ. ನಿಮಗೂ ಅದನ್ನೇ ಹೇಳುತ್ತೇನೆ. ನಿಮ್ಮ ನಕ್ಷೆಯಲ್ಲಿ ಒಂದು ರೆಕ್ಕೆಯ ಉದ್ದ ನೋಡಿಕೊಳ್ಳಿ. ತುದಿ ಒಂದಿಷ್ಟು ಹೊರಗೆ ಚಾಚಿಕೊಂಡರೆ ತೊಂದರೆ ಇಲ್ಲ. 4 ಅಡಿಗಿಂತ ಅಗಲ ಮಾಡಬೇಡಿ, ನಡುವಿನ ರಿವೆಟ್‌ಗೆ ಕೈ ಎಟಕುವುದಿಲ್ಲ. ಸುತ್ತಲೂ ನಡೆದಾಡಲು ಜಾಗ ಇರಬೇಕು, ಗೋಡೆಗೆ ಒತ್ತಿ ಇಟ್ಟ ಮೇಜು ಅರ್ಧ ಮೇಜು. ಎತ್ತರಕ್ಕೆ ನೆಟ್ಟಗೆ ನಿಂತು ಕೈ ಇಳಿಬಿಡಿ, ಮಣಿಕಟ್ಟು ಎಲ್ಲಿಗೆ ಬರುತ್ತದೋ ಅದಕ್ಕಿಂತ ಒಂದೆರಡು ಇಂಚು ಮೇಲೆ ಇರಲಿ. ಹೆಚ್ಚಿನವರಿಗೆ 34ರಿಂದ 36 ಇಂಚು ಬರುತ್ತದೆ. ವರ್ಷಗಟ್ಟಲೆ ಅದರ ಮುಂದೆ ನಿಲ್ಲುವವರು ನೀವು, ಆದ್ದರಿಂದ ಸೊಂಟ ಹೇಳಿದ ಹಾಗೆ ಕೇಳಿ.

ಇದರ ಜೊತೆಗೆ ಸಣ್ಣ ಮೇಜುಗಳೂ ಬೇಕು. 1953ರಲ್ಲಿ ಪಾಲ್ ಪೊಬೆರೆಜ್ನಿ ಮಿಲ್ವಾಕಿಯಲ್ಲಿ ಕಟ್ಟಿದ, ಮನೆಯಲ್ಲೇ ವಿಮಾನ ಕಟ್ಟುವವರ ಇಎಎ ಸಂಘದ ಹೆಸರು ನಿಮಗೆ ಗೊತ್ತೇ ಇದೆ. ಅದರ 1000ನೇ ಶಾಖೆ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ವಾಯುನೆಲೆಯ ಕಡೆಯದು. ಆ ಶಾಖೆಯವರು ರೂಪಿಸಿದ 2 ಅಡಿ ಅಗಲ, 5 ಅಡಿ ಉದ್ದದ ಮೇಜು ಎಷ್ಟೋ ಗ್ಯಾರೇಜುಗಳಲ್ಲಿ ಕಾಣಸಿಗುತ್ತದೆ. ಅಂಥವು ಎರಡು ಮಾಡಿಕೊಳ್ಳಿ. ಒಂದರ ಮೇಲೆ ವೈಸ್, ಇನ್ನೊಂದು ಬರೀ ಜೋಡಣೆಗೆ. ಎರಡರ ನಡುವೆ ಒಂದು ಗೇಣು ಬಿಟ್ಟು ಭಾಗವನ್ನು ಅಡ್ಡ ಇಟ್ಟರೆ, ರಿವೆಟ್ ಹೊಡೆಯುವ ತನಕ ತಗಡುಗಳನ್ನು ಹಿಡಿದಿಡುವ ಕ್ಲೀಕೋ ಪಿನ್ನುಗಳು ಕೆಳಗೆ ಆರಾಮಾಗಿ ಇಳಿಬೀಳುತ್ತವೆ. ಇದು ತುಂಬಾ ಅನುಕೂಲ. ವೈಸ್ ಮತ್ತು ಗ್ರೈಂಡರ್‌ಗಳನ್ನು ದೊಡ್ಡ ಮೇಜಿನ ಹತ್ತಿರಕ್ಕೂ ಬಿಡಬೇಡಿ. ಒಂದು ಸಾಸಿವೆ ಗಾತ್ರದ ಉಕ್ಕಿನ ಪುಡಿ ಅಲ್ಯುಮಿನಿಯಂ ತಗಡಿನ ಕೆಳಗೆ ಸಿಕ್ಕರೆ ಸಾಕು, ತಗಡು ಎಳೆದಾಗ ಉದ್ದಕ್ಕೂ ಗೀರು ಬೀಳುತ್ತದೆ.

ದೊಡ್ಡ ಮೇಜನ್ನು ಹೇಗೆ ಕಟ್ಟುವುದು? ನಾನು ಹೇಳುವುದು ಪೆಟ್ಟಿಗೆ ಕಟ್ಟು. ಮೇಲೊಂದು ಪ್ಲೈವುಡ್, ಕೆಳಗೊಂದು ಪ್ಲೈವುಡ್, ನಡುವೆ ಪಟ್ಟಿಗಳ ಜಾಲರಿ. ಅದೇ ಶೂ ಡಬ್ಬಿ, ಅದೇ ರೆಕ್ಕೆ. ರೆಕ್ಕೆ ಕಟ್ಟುವ ಮೊದಲು ಮರದಲ್ಲಿ ಒಂದು ರೆಕ್ಕೆ ಕಟ್ಟಿದ ಹಾಗೆ ಆಗುತ್ತದೆ. ಕೈ ಪಳಗುತ್ತದೆ.

ನಡುವಿನ ಪಟ್ಟಿಗಳಿಗೆ ಅಂಗಡಿಯಲ್ಲಿ ಟೂ ಬೈ ಫೋರ್ ಅಂತ ಮಾರುವ ಮರದ ತುಂಡು ಬೇಡ. ಅದರ ನಿಜವಾದ ಅಳತೆ ಒಂದೂವರೆ ಇಂಚು, ಮೂರೂವರೆ ಇಂಚು. ಅಟ್ಟಿಯಲ್ಲಿ ನೆಟ್ಟಗೆ ಕಂಡದ್ದು ಮನೆಗೆ ಬಂದು ಬಿಲ್ಲಾಗುತ್ತದೆ. ಅದರ ಬದಲು ಮುಕ್ಕಾಲು ಇಂಚಿನ ಒಳ್ಳೆ ಪ್ಲೈವುಡ್‌ನಿಂದ 4 ಇಂಚು ಅಗಲದ ಪಟ್ಟಿ ಸೀಳಿಸಿ. ಎಲ್ಲ ಪಟ್ಟಿಗಳೂ ಗರಗಸದ ಒಂದೇ ಹೊಂದಾಣಿಕೆಯಲ್ಲಿ ಸೀಳಿರಬೇಕು. ಅಗಲ 4 ಇಂಚೇ ಇರಬೇಕು ಅಂತಿಲ್ಲ, ಎಲ್ಲವೂ ಒಂದೇ ಇರಬೇಕು. ಎರಡು ಪಟ್ಟಿ ಜೊತೆಗಿಟ್ಟು ಅಂಚಿನ ಮೇಲೆ ಉಗುರು ಎಳೆಯಿರಿ. ಉಗುರು ಎಡವಿದರೆ ಆ ಪಟ್ಟಿ ಬೇಡ.

ಪಟ್ಟಿಗಳನ್ನು ಅಡಿಗೊಂದರಂತೆ ಅಡ್ಡಡ್ಡ, ಉದ್ದುದ್ದ ಜೋಡಿಸಿ. ಮೇಲೆ ಕೆಳಗೆ ಅರ್ಧ ಇಂಚಿನ ಪ್ಲೈವುಡ್, ಅಂಟು ಮತ್ತು ಸ್ಕ್ರೂ. ಹಾಳೆ ಸಿಗುವುದು 8 ಅಡಿ ಉದ್ದಕ್ಕೆ, ಆದ್ದರಿಂದ 12 ಅಡಿಯಲ್ಲಿ ಒಂದು ಕೂಡುವೆರೆ ಬಂದೇ ಬರುತ್ತದೆ. ಮೇಲಿನ ಕೂಡುವೆರೆ ಬಲಗಡೆ ಬಂದರೆ ಕೆಳಗಿನದು ಎಡಗಡೆ ಬರಲಿ. ಎರಡೂ ಒಂದೇ ಜಾಗದಲ್ಲಿ ಬಂದರೆ ಅಲ್ಲೇ ಮುರಿಯುವ ಸಂದು ಮಾಡಿಕೊಂಡ ಹಾಗೆ. ಕೂಡುವೆರೆಯ ಕೆಳಗೆ ಒಂದು ಪಟ್ಟಿ ಇರಲೇಬೇಕು.

ಇಲ್ಲೇ ಬಹಳ ಜನ ತಪ್ಪುವುದು. ಪೆಟ್ಟಿಗೆಯನ್ನು ಗ್ಯಾರೇಜಿನ ನೆಲದ ಮೇಲೆ ಇಟ್ಟು ಅಂಟು ಹಚ್ಚಿದರೆ ನೆಲದ ಉಬ್ಬುತಗ್ಗು ಅದರೊಳಗೆ ಕಾಯಂ ಆಗುತ್ತದೆ. ಆಮೇಲೆ ಕಾಲು ಎಷ್ಟು ತಿರುಗಿಸಿದರೂ ಹೋಗುವುದಿಲ್ಲ. ಮುಚ್ಚಳ ಹಾಕುವ ಹೊತ್ತಿಗೆ ಡಬ್ಬಿ ನೆಟ್ಟಗಿರಬೇಕು, ಅಲ್ವಾ? ಅದಕ್ಕೆ ಮೊದಲು ನಾಲ್ಕೈದು ಸ್ಟ್ಯಾಂಡ್ ಮೇಲೆ ಎರಡು ನೇರವಾದ ತೊಲೆ ಉದ್ದಕ್ಕೆ ಇಟ್ಟು, ಅವುಗಳ ಮೇಲ್ಮೈ ಒಂದೇ ತಟ್ಟಿಗೆ ಬರುವ ತನಕ ಬೆಣೆ ಹೊಡೆಯಿರಿ.

ಒಂದೇ ತಟ್ಟಿಗೆ ಬಂದಿದೆಯೋ ಇಲ್ಲವೋ ನೋಡುವುದು ಹೀಗೆ. 5 ಅಡಿಯ ಎರಡು ಅಲ್ಯುಮಿನಿಯಂ ಆ್ಯಂಗಲ್ ತನ್ನಿ. ಒಂದನ್ನು ಈ ತುದಿಯಲ್ಲಿ, ಇನ್ನೊಂದನ್ನು ಆ ತುದಿಯಲ್ಲಿ ಅಡ್ಡ ಇಡಿ. ದೂರದ ಆ್ಯಂಗಲ್‌ನ ಮೇಲಂಚಿಗೆ ಬಿಳಿ ಟೇಪ್ ಅಂಟಿಸಿ. ಈಗ ಹತ್ತಿರದ್ದರ ಹಿಂದೆ ಬಗ್ಗಿ ಒಂದು ಕಣ್ಣು ಮುಚ್ಚಿ. ಬಿಳಿ ಗೆರೆ ಮರೆಯಾಗುವ ತನಕ ತಲೆಯನ್ನು ನಿಧಾನಕ್ಕೆ ತಗ್ಗಿಸಿ. ಗೆರೆ ಎಡಗಡೆ, ಬಲಗಡೆ ಒಟ್ಟಿಗೇ ಮರೆಯಾದರೆ ತಿರುಚಿಲ್ಲ. ಒಂದು ಕಡೆ ಮೊದಲು ಮರೆಯಾಗಿ ಇನ್ನೊಂದು ಕಡೆ ಎಳೆಯಷ್ಟು ಉಳಿದರೆ ಬೆಣೆ ತಟ್ಟಬೇಕು. ಒಂದು ಮಿಲಿಮೀಟರ್ ತಪ್ಪೂ ಹೀಗೆ ಬರೀ ಕಣ್ಣಿಗೆ ಸಿಗುತ್ತದೆ. ಯಾವ ದುಬಾರಿ ಉಪಕರಣವೂ ಬೇಡ. ಅಂಟು ಹಚ್ಚುವ ಮೊದಲು ಒಮ್ಮೆ, ಹಚ್ಚಿದ ಮೇಲೆ ಸ್ಕ್ರೂ ಬಿಗಿಯುವ ಮೊದಲು ಇನ್ನೊಮ್ಮೆ ನೋಡಿ. ಒಂದು ರಾತ್ರಿ ಅಲ್ಲೇ ಬಿಡಿ.

ನಂತರ ಆರೂ ಮುಖಕ್ಕೆ ಪಾಲಿಯುರೆಥೇನ್ ವಾರ್ನಿಷ್ ಬಳಿಯಿರಿ. ಮೇಲ್ಭಾಗಕ್ಕೆ ಮಾತ್ರ ಬಳಿದರೆ ಕೆಳಭಾಗ ತೇವ ಕುಡಿದು ಉಬ್ಬುತ್ತದೆ, ಹಲಗೆ ದೋಣಿಯಾಗುತ್ತದೆ. ಓಹಾಯೋದ ಬೇಸಿಗೆಯ ಸೆಕೆ, ಚಳಿಗಾಲದ ಒಣಗಾಳಿ ಎರಡೂ ಮರಕ್ಕೆ ಜಾಸ್ತಿಯೇ.

ಈಗ ನಿಮ್ಮ ಇಳಿಜಾರು ನೆಲ. ನೀರು ಹೊರಗೆ ಹರಿಯಲಿ ಅಂತ ಗ್ಯಾರೇಜಿನ ನೆಲವನ್ನು ಬೇಕೆಂದೇ ಹಾಗೆ ಹಾಕಿರುತ್ತಾರೆ. ಅಡಿಗೆ ಎಂಟನೇ ಒಂದು ಇಂಚು ಇಳಿದರೂ 12 ಅಡಿಗೆ ಒಂದೂವರೆ ಇಂಚು ಆಯಿತು. ಮೇಜು ಇಳಿಜಾರಿಗೆ ಅಡ್ಡವಾಗಿ ನಿಲ್ಲುವ ಹಾಗಿದ್ದರೆ ಹಾಗೇ ನಿಲ್ಲಿಸಿ, ಕೆಲಸ ಕಡಿಮೆ. ಇಲ್ಲದಿದ್ದರೆ ಕಾಲುಗಳನ್ನೇ ಬೇರೆ ಬೇರೆ ಉದ್ದಕ್ಕೆ ಕೊಯ್ದು, ಉಳಿದದ್ದನ್ನು ಬೋಲ್ಟ್‌ಗೆ ಬಿಡಿ. ಪ್ರತಿ ಕಾಲಿನ ಅಡಿಗೆ ಟೀ ನಟ್ (ಮರದೊಳಗೆ ಕೂರುವ ನಟ್) ಕೂರಿಸಿ ಮೂರು-ಎಂಟನೇ ಇಂಚಿನ ಬೋಲ್ಟ್ ತಿರುಗಿಸಿ. ಬೋಲ್ಟಿನ ತಲೆ ನೆಲದ ಕಡೆಗೆ, ಅದರ ಕೆಳಗೆ ಒಂದು ಉಕ್ಕಿನ ಬಿಲ್ಲೆ. ಆ ಬೋಲ್ಟ್‌ಗೆ ಇಂಚಿಗೆ 16 ಸುತ್ತು. ಸ್ಪ್ಯಾನರ್ ಒಂದು ಸುತ್ತು ಬಂದರೆ ಮೇಜು 1.6 ಮಿಲಿಮೀಟರ್ ಏರುತ್ತದೆ, ಕಾಲು ಸುತ್ತಿಗೆ 0.4. ಇಷ್ಟು ನಯವಾದ ಹೊಂದಾಣಿಕೆ ಬೆಣೆಯಲ್ಲಿ ಸಿಗುವುದಿಲ್ಲ.

12 ಅಡಿಗೆ ಆರು ಕಾಲು ಬೇಕು. ಆರನ್ನೂ ಒಟ್ಟಿಗೆ ಮಟ್ಟ ಮಾಡಲು ಹೋಗಬೇಡಿ. ನಾಲ್ಕು ಕಾಲಿನ ಸ್ಟೂಲು ಕುಂಟುತ್ತದೆ, ಮೂರು ಕಾಲಿನದು ಯಾವತ್ತೂ ಕುಂಟುವುದಿಲ್ಲ. ಆ ಗುಣವನ್ನೇ ಬಳಸಿಕೊಳ್ಳಿ. ಒಂದು ತುದಿಯ ಎರಡು ಕಾಲು ನೆಲಕ್ಕೆ ತಾಗಿರಲಿ. ಇನ್ನೊಂದು ತುದಿಯ ನಡುಮಧ್ಯಕ್ಕೆ ಕಾರಿನ ಜಾಕ್ ಕೊಡಿ. ಉಳಿದ ನಾಲ್ಕು ಕಾಲು ಗಾಳಿಯಲ್ಲಿರಲಿ. ಮೂರು ಕಡೆ ಆಧಾರ ಇರುವಾಗ ಪೆಟ್ಟಿಗೆಯನ್ನು ಯಾರೂ ತಿರುಚುತ್ತಿಲ್ಲ, ಅದು ತನ್ನ ಸಹಜ ಆಕಾರದಲ್ಲಿರುತ್ತದೆ. ಹಾಗೇ ಮಟ್ಟ ಮಾಡಿ. ಆಮೇಲೆ ಉಳಿದ ಬೋಲ್ಟುಗಳ ಕೆಳಗೆ ಒಂದೊಂದು ಕಾಗದದ ಚೂರು ಇಟ್ಟು ಇಳಿಸುತ್ತಾ ಬನ್ನಿ. ಕಾಗದ ಎಳೆದರೆ ಬಿಗಿಯಾಗಿ ಜಾರಬೇಕು, ಹರಿಯಬಾರದು. ಅಲ್ಲಿಗೆ ನಿಲ್ಲಿಸಿ. ಕೊನೆಗೆ ಜಾಕ್ ತೆಗೆದು ಮತ್ತೊಮ್ಮೆ ಅಳೆಯಿರಿ.

ಅಳೆಯಲು ನಮ್ಮ ಗಾರೆ ಮೇಸ್ತ್ರಿಗಳ ನೀರಿನ ಪೈಪನ್ನು ಮೀರಿಸಿದ್ದು ಇಲ್ಲ. 20 ಅಡಿ ಪಾರದರ್ಶಕ ಪೈಪ್, ಒಳಗೆ ಬಣ್ಣ ಹಾಕಿದ ನೀರು, ಎರಡೂ ಬಾಯಿ ತೆರೆದಿರಬೇಕು. ಒಂದು ಗುಳ್ಳೆಯೂ ಇರಬಾರದು, ಗುಳ್ಳೆ ಇದ್ದರೆ ನೀರು ಸುಳ್ಳು ಹೇಳುತ್ತದೆ. ಒಂದು ಬಾಯಿಯನ್ನು ಒಂದು ಮೂಲೆಗೆ ಕಟ್ಟಿ, ಇನ್ನೊಂದನ್ನು ಮೂಲೆಯಿಂದ ಮೂಲೆಗೆ ಒಯ್ಯಿರಿ. ನೀರು ತೂಗಾಡುವುದು ನಿಲ್ಲುವ ತನಕ ಕಾಯಿರಿ. ಇದು 12 ಅಡಿಗೆ ಎಷ್ಟು ಸರಿಯೋ 40 ಅಡಿಗೂ ಅಷ್ಟೇ ಸರಿ. ಡಿಜಿಟಲ್ ರಸಮಟ್ಟ ಒಂದೇ ನಂಬಿದರೆ ಸಾಲದು. ಅದು 0.1 ಡಿಗ್ರಿ ತೋರಿಸಿದರೆ ಬಹಳ ಕಡಿಮೆ ಅನಿಸುತ್ತದೆ. ಆದರೆ 4 ಅಡಿ ಅಗಲಕ್ಕೆ ಅದು 2 ಮಿಲಿಮೀಟರ್‌ಗಿಂತ ಜಾಸ್ತಿ. ಗುಳ್ಳೆಯ ರಸಮಟ್ಟವನ್ನೂ ಒಮ್ಮೆ ತಿರುಗಿಸಿ ಇಟ್ಟು ನೋಡಿ. ಎರಡು ಸಲವೂ ಗುಳ್ಳೆ ಒಂದೇ ಕಡೆ ನಿಲ್ಲದಿದ್ದರೆ ತಪ್ಪು ಮೇಜಿನದಲ್ಲ, ರಸಮಟ್ಟದ್ದು.

ತಿರುಚನ್ನು ದಾರದಿಂದಲೂ ಹಿಡಿಯಬಹುದು. ನಾಲ್ಕು ಮೂಲೆಗೂ ಒಂದೇ ಎತ್ತರದ ಮರದ ತುಂಡಿಟ್ಟು, ಎದುರು ಮೂಲೆಗಳಿಗೆ ಎರಡು ದಾರ ಬಿಗಿಯಿರಿ. ಮಧ್ಯದಲ್ಲಿ ದಾರಗಳು ಒಂದನ್ನೊಂದು ಮುಟ್ಟೀ ಮುಟ್ಟದ ಹಾಗೆ ಹಾಯಬೇಕು. ನಡುವೆ ಸಂದು ಕಂಡರೆ, ಮೂಲೆಯ ತಪ್ಪು ಆ ಸಂದಿನ ಎರಡರಷ್ಟು. ಮುಟ್ಟಿಕೊಂಡೇ ಇದ್ದರೆ ಕೆಳಗಿನ ದಾರವನ್ನು ಮೇಲೆ ಮಾಡಿ ಮತ್ತೆ ನೋಡಿ, ಒಂದು ಇನ್ನೊಂದನ್ನು ಒತ್ತುತ್ತಿರಬಹುದು. ಎಷ್ಟು ತಪ್ಪಿದರೆ ಪರವಾಗಿಲ್ಲ? ಕಾರ್ಖಾನೆಯ ಕೈಪಿಡಿ ಹೇಳಿದ್ದೇ ಕಟ್ಟುನಿಟ್ಟು. ನನ್ನ ಮೇಜಿಗೆ ನಾನು ಹಾಕಿಕೊಂಡ ಗೆರೆ, 12 ಅಡಿಯಲ್ಲಿ ಯಾವ ಮೂಲೆಯೂ 1 ಮಿಲಿಮೀಟರ್ ದಾಟಬಾರದು. ಈ ಕಟ್ಟಿನಲ್ಲಿ ಅದು ಕಷ್ಟವಲ್ಲ.

ಮೇಲ್ಮೈಗೆ ತೆಳುವಾದ ಹಾರ್ಡ್‌ಬೋರ್ಡ್ ಹಾಳೆಯನ್ನು ಸ್ಕ್ರೂ ಹಾಕಿ ಕೂರಿಸಿ. ಅಂಟು ಬೇಡ, ಹಾಳಾದಾಗ ಬದಲಿಸಬೇಕು. ರಿಬ್ಬುಗಳನ್ನು ಹಿಡಿದಿಡಲು ಮೇಜಿಗೇ ಮರದ ತುಂಡು ಸ್ಕ್ರೂ ಹೊಡೆಯುತ್ತೀರಿ, ಅದಕ್ಕೇ ನಾನು ಉಕ್ಕಿನ ಮೇಜು ಹೇಳಲಿಲ್ಲ. ಉದ್ದಕ್ಕೆ ಸುಣ್ಣದ ದಾರ ಹೊಡೆದು ನಡುಗೆರೆ ಹಾಕಿ. ಅದಕ್ಕೆ ಲಂಬ ಗೆರೆ ಎಳೆಯಲು 3-4-5 ಲೆಕ್ಕ ಸಾಕು, ಅಂದರೆ ಬದಿಗಳು 3, 4, 5 ಆದ ತ್ರಿಕೋನದ ಒಂದು ಮೂಲೆ ಲಂಬವೇ. ಗೆರೆಗಳನ್ನು ಮೇಜಿನ ಮೇಲೆ ಪೆನ್ಸಿಲ್‌ನಲ್ಲಿ ಎಳೆಯಿರಿ, ತಗಡಿನ ಮೇಲೆ ಮಾತ್ರ ಪೆನ್ಸಿಲ್ ಬೇಡ. ಸೀಸದ ಕಡ್ಡಿಯ ಗ್ರಾಫೈಟ್ ಅಲ್ಯುಮಿನಿಯಂ ತಿನ್ನುತ್ತದೆ. ಮಾರ್ಕರ್ ಪೆನ್ ಬಳಸಿ.

ಪ್ರತಿ ರೆಕ್ಕೆಯ ಕೊನೆಯ ತಗಡು ಮುಚ್ಚುವ ದಿನ ಬೆಳಗ್ಗೆ, ಒಂದು ರಿವೆಟ್ ಹೊಡೆಯುವ ಮೊದಲು, ಆ್ಯಂಗಲ್ ಮತ್ತು ನೀರಿನ ಪೈಪ್ ಎರಡನ್ನೂ ಮತ್ತೆ ತನ್ನಿ. ಮೇಜನ್ನು ಅಳೆಯಿರಿ, ಮೇಜಿನ ಮೇಲಿರುವ ರೆಕ್ಕೆಯನ್ನೂ ಅಳೆಯಿರಿ. ಮೊದಲ ಮತ್ತು ಕೊನೆಯ ರಿಬ್ಬಿನ ಮೇಲೆ ಒಂದೇ ಜಾಗದಲ್ಲಿ ರಸಮಟ್ಟ ಇಟ್ಟು, ಅದು ಹೇಳಿದ್ದನ್ನು ಪುಸ್ತಕದಲ್ಲಿ ಬರೆದು ತಾರೀಖು ಹಾಕಿ. ಇಎಎ ಕಡೆಯಿಂದ ಟೆಕ್ನಿಕಲ್ ಕೌನ್ಸೆಲರ್‌ಗಳು ಮನೆಗೇ ಬಂದು ನೋಡಿ ಹೋಗುತ್ತಾರೆ, ದುಡ್ಡು ಕೇಳುವುದಿಲ್ಲ. ಅವರನ್ನು ರೆಕ್ಕೆ ಮುಚ್ಚಿದ ಮೇಲೆ ಕರೆಯಬೇಡಿ, ಮುಚ್ಚುವ ಮುಂಚೆ ಕರೆಯಿರಿ. ಬೇರೆಯವರ ಕಣ್ಣಿಗೆ ಕಾಣುವುದು ಬೇರೆ.

ಕಾರಿನ ಮಾತು ಉಳಿಯಿತು. ರೆಕ್ಕೆ ಮುಗಿಯುವ ತನಕ ಕಾರನ್ನು ಹೊರಗೇ ನಿಲ್ಲಿಸಿ ಅನ್ನುತ್ತೇನೆ. ಜಾಗದ ಸಲುವಾಗಿ ಅಲ್ಲ. ನಿಮ್ಮ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಕಾರಿನ ಚಕ್ರಕ್ಕೆ ಅಂಟಿದ ಹಿಮ ಗ್ಯಾರೇಜಿನೊಳಗೆ ಕರಗಿ, ಉಪ್ಪುನೀರಾಗಿ ಅದೇ ಇಳಿಜಾರಿನಲ್ಲಿ ಹರಿದು ಮೇಜಿನ ಕಾಲಿಗೆ ಬರುತ್ತದೆ. ಮರ ತಳದಿಂದ ಅದನ್ನು ಕುಡಿಯುತ್ತದೆ, ಬೋಲ್ಟು ತುಕ್ಕು ಹಿಡಿಯುತ್ತದೆ. ಅಲ್ಯುಮಿನಿಯಂಗೂ ಉಪ್ಪು ಆಗಿಬರುವುದಿಲ್ಲ. ಒಳಗೇ ನಿಲ್ಲಿಸಲೇಬೇಕಾದ ಪರಿಸ್ಥಿತಿ ಇದ್ದರೆ ಕಾರಿನ ಕೆಳಗೆ ಅಂಚು ಮೇಲೆದ್ದ ರಬ್ಬರ್ ಚಾಪೆ ಹಾಸಿ, ಮೇಜನ್ನು ಗ್ಯಾರೇಜಿನ ಒಳಗಿನ ಎತ್ತರದ ಕಡೆಗೆ ಇಡಿ.